ಸಾಳುಂಖೆಯವರ ಸರದಿ ಬಂದಾಗ

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಉಪನೋಂದಣಾಧಿಕಾರಿ ಬೊಂದ್ರೆ ದೂರು ಹಿಡಿದು ಖಡಕೇವಾಡಿ ಠಾಣೆಗೆ ಬಂದರು. ತಮ್ಮ ಕಚೇರಿಯ ಜಾಲ ಕಾಯುವ ಫೈರ್‌ವಾಲ್ ತಂತ್ರಾಂಶವನ್ನು ಯಾರೋ ಬೇಕೆಂದೇ ಕೆಡವುತ್ತಿದ್ದಾರೆ ಎಂಬುದು ದೂರು. ಇನ್ಸ್‌ಪೆಕ್ಟರ್ ಶಿರ್ಕೆ ಓದಿ ಹಣೆ ಚಚ್ಚಿಕೊಂಡರು.

"ನಿಮ್ಮ ಕಚೇರ್ಯಾಗ ಸರ್ವರ್ ಎದ್ದಿದ್ದು ಯಾವಾಗ್ರೀ? ಎದ್ದ ದಿನ ಬಂದು ದೂರು ಕೊಡ್ರಿ."

"ಅದಕ್ಕ ಇಷ್ಟು ದಿನ ಯಾರಿಗೂ ಸಂಶಯ ಬರಲಿಲ್ಲ ಸಾಹೇಬ್ರ. ಆದ್ರ ಹೊಲದ ಪತ್ರಕ್ಕ ಬರೋ ಧನಾಜಿ ಸಾಳುಂಖೆಯವ್ರ ಸರದಿ ಬಂದಾಗ ಸರಿಯಾಗಿ ಬೀಳ್ತದ. ಮೂರು ಸಲ ವಾಪಸ್ ಹೋಗ್ಯಾರ. ಈಗ ಮಂತ್ರಿ ಮಟ ಹೋಗ್ತೀನಿ ಅಂತಾರ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಪಂಚನಾಮೆ. ಕಚೇರಿಯ ವೈಫೈ ಪಾಸ್‌ವರ್ಡನ್ನು ಗೋಡೆಗೇ ಅಂಟಿಸಿದ್ದರು, ಪುಣ್ಯಾತ್ಮರು. ಅದನ್ನೂ ಬರೆಸುವಾಗ ಶಿರ್ಕೆ ಹಲ್ಲು ಕಡಿದದ್ದು ಹವಾಲ್ದಾರ್ ಕುಸುಮ್‌ಗೆ ಕೇಳಿಸಿತು.

ಸೈಬರ್ ವಿಭಾಗದ ಮೊಕಾಶಿ ಪರೀಕ್ಷಿಸಿ ಹೇಳಿದ: "ಈ ತಂತ್ರಾಂಶದಾಗ ಒಂದು ಲೋಪ ಐತ್ರೀ. ಇಲ್ಲಿನ ವೈಫೈಯಿಂದ ತಪ್ಪು ಅಳತಿಯ ಒಂದು ಸಂದೇಶ ಕಳಿಸಿದ್ರ ಸಾಕು, ಗಕ್ಕನ ನಿಂತುಬಿಡ್ತದ. ಏನೂ ಕಳುವಾಗಂಗಿಲ್ಲ, ಬರೇ ಕೆಲಸ ನಿಲ್ತದ."

"ಮದ್ದಿಲ್ಲೇನು?"

"ತಿದ್ದುಪಡಿ ಬಂದು ವರ್ಷಾತು. ಇವ್ರು ಹಾಕಿಲ್ಲ."

ಬೊಂದ್ರೆ ಫ್ಯಾನ್ ನೋಡಿದರು. "ಮ್ಯಾಲಿನವ್ರ ಅನುಮತಿ ಬೇಕ್ರೀ."

"ಈಗ ಹಾಕಲೇಬ್ಯಾಡ್ರಿ ಮಾರಾಯ್ರ," ಎಂದರು ಶಿರ್ಕೆ. " ಸಾಳುಂಖೆಯವ್ರನ್ನ ಮತ್ತೊಮ್ಮೆ ಕರೀರಿ."

ಗುರುವಾರ ಶಿರ್ಕೆ ಸಾದಾ ಉಡುಪಿನಲ್ಲಿ ಕಚೇರಿಯ ಬೆಂಚಿನ ಮೇಲೆ ಕೂತರು. ಹಿಂದಿನ ಮೂರು ಸಲದಂತೆ ಈ ಸಲವೂ ಧನಾಜಿ ಪುಣೆಯಿಂದ ತಂಗಿ ಉಜ್ವಲಾಳನ್ನು ಕರೆಸಿದ್ದ. ತಂದೆಯ ಜಮೀನಿನಲ್ಲಿ ತನ್ನ ಪಾಲನ್ನು ಅಣ್ಣನಿಗೆ ಬಿಟ್ಟೆ ಎಂದು ಅವಳು ಹೆಬ್ಬೆಟ್ಟು ಒತ್ತಬೇಕಿತ್ತು. ಎಲ್ಲ ತಂಗಿಯರೂ ಒತ್ತುತ್ತಾರೆ, ಒತ್ತಿ ಪೇಢೆ ತಿಂದು ಹೋಗುತ್ತಾರೆ. ಮಿಕ್ಕವರ ಪತ್ರಗಳು ಸರಾಗವಾಗಿ ಮುಗಿದವು. ಸಾಳುಂಖೆ ಎಂದು ಕೂಗಿದ್ದೇ ತಡ, ಉಜ್ವಲಾ ಮೊಬೈಲ್ ಮೇಲೆ ಬೆರಳಾಡಿಸಿ ಎದ್ದಳು. ಕಂಪ್ಯೂಟರ್‌ಗಳು ನಿಂತವು.

"ಥೂ, ಮತ್ತ ಹೋತು," ಎಂದು ಧನಾಜಿ ಮೇಜು ಗುದ್ದಿದ.

ಕುಸುಮ್ ಮೊಬೈಲ್ ವಶಪಡಿಸಿಕೊಂಡರು. ಸಂದೇಶ ಅದರಲ್ಲೇ ಇತ್ತು. ಪುಣೆಯಲ್ಲಿ ಅವಳ ಉದ್ಯೋಗವೇ ಇಂಥ ತಂತ್ರಾಂಶಗಳ ಲೋಪ ಹುಡುಕುವುದು. ಮಧ್ಯಾಹ್ನ ಮೂರಕ್ಕೆ ಬಂಧನ.

"ಅಲ್ಲ ತಂಗೀ," ಠಾಣೆಯಲ್ಲಿ ಶಿರ್ಕೆ ರೇಗಿದರು. "ಒಪ್ಪಿಗಿ ಐತೇನು ಅಂತ ಬೊಂದ್ರೆ ಕೇಳ್ತಾರ. ಇಲ್ಲ ಅಂದಿದ್ರ ಮುಗೀತಿತ್ತು."

"ತವರೂ ಮುಗೀತಿತ್ತು ಸಾಹೇಬ್ರ. ನಮ್ಮ ದೊಡ್ಡಪ್ಪನ ಮಗಳು ಇಲ್ಲ ಅಂದಳು. ಇವತ್ತಿಗೂ ಆಕಿನ್ನ ದೀಪಾವಳಿಗೆ ಕರಿಯಂಗಿಲ್ಲ. ನನಗ ಪಾಲೂ ಬೇಕು, ಅಣ್ಣನೂ ಬೇಕು."

"ಎಷ್ಟು ದಿನ ಕೆಡವ್ತಿದ್ದಿ?"

"ಅಣ್ಣಗ ಬ್ಯಾಸರ ಬರೋತನಕ."

ಹೊರಗೆ ಧನಾಜಿಯ ಕೂಗಾಟ ನಡೆದಿತ್ತು. "ನಮ್ಮ ಉಜ್ಜಿ ಅಂಥಾಕಿ ಅಲ್ಲ. ಯಾರೋ ಸಿಗಿಸ್ಯಾರ. ಹೊಲ ಮಾರಿಯಾದ್ರೂ ವಕೀಲನ್ನ ಇಡ್ತೀನಿ."

ಅಲ್ಲಿಯವರೆಗೆ ಗಟ್ಟಿಯಾಗಿದ್ದ ಉಜ್ವಲಾ ಅದನ್ನು ಕೇಳಿ ಅತ್ತಳು. ಶಿರ್ಕೆಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಹೇಳಿಕೆಯ ಹಾಳೆ ಎಳೆದುಕೊಂಡರು.

"ಉದ್ದೇಶ ಏನಂತ ಬರೀಲಿ?"

"ಸೇಡಿಗೆ ಅಂತ ಬರೀರಿ, ರೊಕ್ಕಕ್ಕ ಅಂತ ಬರೀರಿ, ಹುಚ್ಚಿ ಅಂತ ಬರೀರಿ. ಅಣ್ಣಗ ಇಲ್ಲ ಅಂದೆ ಅಂತ ಮಾತ್ರ ಬರೀಬ್ಯಾಡ್ರಿ."