ಕೊನೆಯ ಕೋಣೆಯ ತೊಗಲು

"ಹೇಸಿಗೆ ನನ್ಮಗನೇ, ಅತಿಥಿಗಳ ಹಾಸಿಗೇಲಿ ನೀನೇ ಬಿದ್ಕೊಂಡಿರ್ತೀಯಲ್ವೇನೋ?"

ತಿಂಡಿಗೆ ಕೂತಿದ್ದ ಅಷ್ಟೂ ಜನರ ಮುಂದೆ ಮಾಲೀಕ ಟೋರ್ಕೆಲ್ ನನಗೆ ಹೀಗಂದ. ನಮ್ಮ ಮಂಜುಗಡ್ಡೆಯ ಹೋಟೆಲಿನಲ್ಲಿ ಮಂಚವೂ ಮಂಜುಗಡ್ಡೆಯದೇ. ಅದರ ಮೇಲೆ ಹಾಸುವ ಹಿಮಸಾರಂಗದ ಒಣತೊಗಲನ್ನು ದಿನಾ ಬೆಳಿಗ್ಗೆ ಕೊಡವುವುದು ನನ್ನ ಕೆಲಸ. ಕೊನೆಯ ಕೋಣೆಯ ತೊಗಲು ವಾರದಿಂದ ಒದ್ದೆಯಾಗಿ, ಕೊಳೆತ ಕರುಳಿನಂತೆ ನಾರುತ್ತಿತ್ತು. ಅಲ್ಲಿ ಯಾರೂ ಮಲಗಿರಲಿಲ್ಲ.

ಆ ಮಂಚದ ಮಂಜುಗಡ್ಡೆಯನ್ನು ಹೊಳೆಯ ಯಾವ ತಿರುವಿನಲ್ಲಿ ಕೊಯ್ದರೆಂದು ನನಗೆ ಗೊತ್ತು. ಹೆಪ್ಪುಗಟ್ಟಿದ ನೀರು ಒಡೆದು ನಮ್ಮಪ್ಪನ ಸಾರಂಗದ ಹಿಂಡು ಮುಳುಗಿದ್ದು ಅಲ್ಲೇ. ಆ ಗಡ್ಡೆ ಬೇಡ ಅಂದಿದ್ದೆ. "ಶಾಲೆ ಬಿಟ್ಟೋನು ನಂಗೇ ಪಾಠ ಹೇಳ್ತೀಯಾ?" ಎಂದು ಟೋರ್ಕೆಲ್ ನಕ್ಕಿದ್ದ.

"ಬನ್ನಿ ಯಜಮಾನ್ರೇ, ನೀವೇ ಮುಟ್ಟಿ ನೋಡಿ. ನಾನು ಮಲಗಿದ್ದು ಅಂತಾದ್ರೆ ಇವತ್ತೇ ಕೆಲಸ ಬಿಡ್ತೀನಿ," ಅಂದೆ.

ಕೋಣೆಯಲ್ಲಿ ಉಸಿರು ಹೊಗೆಯಾಗುವಷ್ಟು ಚಳಿ. ತೊಗಲಿನ ಮೇಲೆ ಅಂಗೈ ಇಟ್ಟ ಟೋರ್ಕೆಲ್ ತಟ್ಟನೆ ತೆಗೆದ. ಬೆರಳುಗಳ ನಡುವೆ ಹಳದಿ ಲೋಳೆ ಎಳೆಎಳೆಯಾಗಿ ಜೋತಿತ್ತು.

"ಥೂ, ಬಿಸಿ ಇದೆಯಲ್ಲೋ."

ನಾನು ತೊಗಲನ್ನು ಮಗುಚಿದೆ. ಹದಮಾಡಿ ವರ್ಷಗಳಾಗಿದ್ದ ಆ ತೊಗಲಿನ ಒಳಮೈ ತುಂಬ ಕೀವಿನ ಗುಳ್ಳೆಗಳು. ಒಂದೊಂದರಲ್ಲೂ ಬೆರಳ ತುದಿಯಷ್ಟು ದಪ್ಪದ ಬಿಳಿ ಹುಳು ಹೊರಳುತ್ತಿತ್ತು.

"ಇದೇನೋ ಅಸಹ್ಯ? ಎಲ್ಲಿಂದ ಬಂತೋ ಇದು?" ಟೋರ್ಕೆಲ್ ಕೈಯನ್ನು ಗೋಡೆಗೆ ಉಜ್ಜುತ್ತಲೇ ಇದ್ದ.

ಸಾರಂಗ ಕಾಯುವ ನಮ್ಮ ಮನೆಗಳಲ್ಲಿ ಸಣ್ಣ ಮಕ್ಕಳಿಗೂ ಗೊತ್ತು, ಆ ಹುಳು ಬದುಕುವುದು ಜೀವವಿರುವ ಸಾರಂಗದ ಮೈಯೊಳಗೆ ಮಾತ್ರ. ಕೈಗವಸನ್ನು ಅಲ್ಲೇ ಬಿಸಾಡಿ ಹೊರಟು ಬಂದೆ.