ಹತ್ತು ನಿಮಿಷದ ಸುತ್ತು

ಮೂರನೇ ಸಲವೂ ಲೆಕ್ಕ ತಪ್ಪಿತು ಎಂದ ಷಡಕ್ಷರಿ.

ಗುಬ್ಬಿಯ ಆ ಮನೆಯ ಪಡಸಾಲೆಯಲ್ಲಿ, ಬಾಗಿಲ ಪಕ್ಕದ ಗೋಡೆಗೆ ಹಳೇ ಕರೆಂಟ್ ಮೀಟರ್. ಗಾಜಿನೊಳಗೆ ಅಲ್ಯುಮಿನಿಯಂ ಬಿಲ್ಲೆಯೊಂದು ತಿರುಗುತ್ತದೆ, ಅದರ ಅಂಚಿನಲ್ಲಿ ಒಂದು ಕೆಂಪು ಗುರುತು. ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ, ಒಂದೇ ಒಂದು ಯಂತ್ರ ಹಾಕಿ, ಕೆಂಪು ಗುರುತು ಸುತ್ತಿ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿದರೆ ಆ ಯಂತ್ರ ತಿನ್ನುವ ಕರೆಂಟಿನ ಲೆಕ್ಕ ಸಿಗುತ್ತದೆ. ತುಮಕೂರಿನ ಬಿ.ಹೆಚ್. ರಸ್ತೆಯಲ್ಲಿ ಸಣ್ಣದೊಂದು ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಷಡಕ್ಷರಿ ಯಾವ ಡಬ್ಬಿಯ ಮೇಲೆ ಬರೆದದ್ದನ್ನೂ ನಂಬುವ ಪೈಕಿ ಅಲ್ಲ. ಬಿಲ್ಲೆ ಹೇಳಿದ್ದಷ್ಟೇ ಅವನಿಗೆ ನಿಜ.

"ಹತ್ತು ಸುತ್ತು ಎಣಿಸೋಕೆ ಇಷ್ಟು ಕಷ್ಟಾನಾ?" ಕೈಗಡಿಯಾರ ಹಿಡಿದು ನಿಂತಿದ್ದ ಮಂಜುಶ್ರೀ ಕೇಳಿದಳು.

"ಏಳಾಯ್ತೋ ಎಂಟಾಯ್ತೋ ಡೌಟು ಬಂತು ಮೇಡಂ. ಮೊದಲಿಂದ ಎಣಿಸ್ಬೋದಾ?"

"ಎಣಿಸಿ. ಈ ಸಲ ಮೀಟರ್ ನೋಡ್ಕೊಂಡು ಎಣಿಸಿ."

ಅವನ ಕಿವಿ ಕೆಂಪಾಯಿತು. ಮಂಜುಶ್ರೀ ಮುಖ ಗಂಟಿಕ್ಕಿಕೊಂಡೇ ಇದ್ದಳು, ಒಳಗೊಳಗೆ ಮಾತ್ರ ಖುಷಿಯಾಗಿತ್ತು. ಇಪ್ಪತ್ತೇಳು ವರ್ಷದ ಹೆಣ್ಣಿಗೆ ತನ್ನನ್ನು ಯಾರು ಕದ್ದು ನೋಡುತ್ತಿದ್ದಾರೆ ಎಂಬುದು ತಿಳಿಯದೆ ಇರುತ್ತದೆಯೇ?

ನಾಲ್ಕನೇ ಸಲ ಲೆಕ್ಕ ಸಿಕ್ಕಿತು. ನಿಮಿಷಕ್ಕೊಂದು ಸುತ್ತು. ಆ ಮೀಟರಿನಲ್ಲಿ ಹಾಗೆಂದರೆ ನೂರು ವಾಟ್.

ತಿನ್ನುತ್ತಿದ್ದದ್ದು ಮೂಲೆಯಲ್ಲಿ ಗೊರಗೊರ ಅನ್ನುತ್ತಿದ್ದ ಹಳೇ ಪೆಂಟಿಯಂ ಕಂಪ್ಯೂಟರ್ ಪೆಟ್ಟಿಗೆ. ಮಂಜುಶ್ರೀ ಮೂರು ವರ್ಷ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ನಿಂತುಕೊಂಡೇ ಬೆಂಗಳೂರಿಗೆ ಹೋಗಿ ಬಂದು, ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸಿದ ಮಾತು ಕೇಳಿ ಟೈಪ್ ಮಾಡುವ ಕೆಲಸ ಕಲಿತವಳು. ಈಗ, ಎರಡು ಸಾವಿರದ ಏಳರಲ್ಲಿ, ಗುಬ್ಬಿಗೂ ಬ್ರಾಡ್‌ಬ್ಯಾಂಡ್ ಬಂದಿತ್ತು. ಅದೇ ಕೆಲಸವನ್ನು ಮನೆಯಲ್ಲೇ, ತನ್ನದೇ ಹೆಸರಿನಲ್ಲಿ ಮಾಡುತ್ತೇನೆ ಎಂದು ಹೊರಟಿದ್ದಳು. ಜೊತೆಗೆ ಎದುರು ಮನೆಯ ವನಜಾಕ್ಷಿ. ರೋಗಿಗಳ ವಿವರ ಆಚೆ ಹೋಗಬಾರದು, ವೈರಸ್ ಒಳಗೆ ಬರಬಾರದು, ಅದಕ್ಕೆ ಇಂಟರ್‌ನೆಟ್ಟಿಗೂ ಅವರ ಎರಡು ಕಂಪ್ಯೂಟರಿಗೂ ನಡುವೆ ಫೈರ್‌ವಾಲ್ ಇರಲೇಬೇಕು ಎಂದು ಕೆಲಸ ಕೊಡುವ ಕಂಪನಿಯ ಷರತ್ತು. ಆ ಕಾವಲಿನ ಕೆಲಸವನ್ನು ಪೆಂಟಿಯಂ ಚೆನ್ನಾಗಿಯೇ ಮಾಡುತ್ತಿತ್ತು. ಆದರೆ ಹೊಟ್ಟೆಬಾಕ.

ದಿನಾ ಹತ್ತಕ್ಕೆ ಹೋದ ಕರೆಂಟ್ ಬರುವುದು ಒಂದು ಗಂಟೆಗೆ. ಫೈಲು ಕಳಿಸುವ ಕಡೇ ಗಳಿಗೆಯೂ ಒಂದು ಗಂಟೆಯೇ. ಹಳೇ ಬ್ಯಾಟರಿಯ ಇನ್ವರ್ಟರ್ ಹನ್ನೆರಡೂವರೆಗೇ ಕುಯ್ಯೋ ಅಂದು ಮಲಗಿಬಿಡುತ್ತಿತ್ತು. ಬರುವ ಸೋಮವಾರದಿಂದ ಒಂದು ವಾರ ಕಂಪನಿಯವರ ಪರೀಕ್ಷೆ. ಒಂದೇ ಒಂದು ದಿನ ತಡವಾದರೂ ಕೆಲಸವಿಲ್ಲ, ಮತ್ತೆ ಅದೇ ಪ್ಯಾಸೆಂಜರ್ ರೈಲು.

"ಅರ್ಧ ಗಂಟೆ ಬೇಕು ನಂಗೆ," ಎಂದಳು ಮಂಜುಶ್ರೀ. "ಬೇರೇನೂ ಕೇಳ್ತಿಲ್ಲ."

"ಕೊಡ್ತೀನಿ ಮೇಡಂ," ಎಂದ ಅವನು, ಅರ್ಧ ಗಂಟೆ ಅವನ ಜೇಬಿನಲ್ಲೇ ಇರುವ ಹಾಗೆ.

ಶುಕ್ರವಾರ ಮಧ್ಯಾಹ್ನ ಬಂದಾಗ ಅವನ ಕೈಯಲ್ಲಿ ಟಿಫಿನ್ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಒಳಗೆ ಫ್ಯಾನಿಲ್ಲ, ಹಾರ್ಡ್ ಡಿಸ್ಕ್ ಇಲ್ಲ. ಕ್ಯಾಮೆರಾಕ್ಕೆ ಹಾಕುವಂಥ ಒಂದು ಕಾರ್ಡಿನ ಮೇಲೆ ಇಡೀ ಫೈರ್‌ವಾಲ್ ಓಡುತ್ತದೆ. ಹಾಕಿದರೆ ಸದ್ದೇ ಇಲ್ಲ. ಮಂಜುಶ್ರೀ ಬಗ್ಗಿ ಕಿವಿಯಿಟ್ಟಳು. ಅದೇ ಹೊತ್ತಿಗೆ ಅವನೂ ಬಗ್ಗಿದ. ಇಬ್ಬರ ತಲೆಯೂ ಢೀ ಅಂತು.

"ಸಾರಿ ಮೇಡಂ."

"ಇನ್ನೊಂದು ಸಲ ತಾಗಿಸಿ, ಇಲ್ಲಾಂದ್ರೆ ಕೊಂಬು ಬರುತ್ತೆ," ಎಂದುಬಿಟ್ಟಳು. ಆಮೇಲೆ ತಾನೇ ನಾಚಿಕೊಂಡು ಕಾಫಿ ತರಲು ಒಳಗೆ ಹೋದಳು.

ಡಬ್ಬಿಯ ಮೇಲಿನ ಪಟ್ಟಿಯಲ್ಲಿ ಬರೆದಿದ್ದದ್ದು ಹತ್ತು ವಾಟ್. ಹಾಗಿದ್ದರೆ ಕೆಂಪು ಗುರುತಿಗೆ ಒಂದು ಸುತ್ತಿಗೆ ಹತ್ತು ನಿಮಿಷ ಬೇಕು. ಇನ್ವರ್ಟರ್ ಚಾರ್ಜ್ ಆಗುವುದನ್ನು ನಿಲ್ಲಿಸಿ, ಸ್ವಿಚ್ಚೆಲ್ಲ ಆರಿಸಿ ಇಬ್ಬರೂ ಬೆಂಚಿನ ಮೇಲೆ ಕೂತರು. ಗುರುತು ನಾಲ್ಕೇ ನಿಮಿಷಕ್ಕೆ ಸುತ್ತಿ ಮುಂದೆ ಬಂತು. ಮತ್ತೆ ನೋಡಿದರು. ಮತ್ತೆ ನಾಲ್ಕು.

ಷಡಕ್ಷರಿಯ ಮುಖ ಸಣ್ಣಗಾಯಿತು. "ಇಪ್ಪತ್ತೈದು ವಾಟ್ ತಿಂತಿದೆ ಇದು. ಹಂಗಾದ್ರೆ ನಿಮ್ಮ ಬ್ಯಾಟರಿ ಒಂದು ಗಂಟೆ ಮುಟ್ಟಲ್ಲ. ಐದು ನಿಮಿಷ ಮುಂಚೆನೇ ಕೈ ಕೊಡುತ್ತೆ."

"ಇರಲಿ, ಇದೇ ಇರಲಿ. ಹೆಂಗೋ ಮಾಡ್ಕೋತೀನಿ."

"ಬೇಡ ಮೇಡಂ. ಬರೆದಿದ್ದೇ ಸುಳ್ಳು ಅಂದ್ಮೇಲೆ ಒಳಗಡೆ ಇನ್ನೇನೇನು ಸುಳ್ಳಿದೆಯೋ. ನಿಮ್ಮ ಮನೇಲಿ ಇಂಥದ್ದು ಇಡಲ್ಲ ನಾನು."

"ಸೋಮವಾರ ನನ್ನ ಪರೀಕ್ಷೆ! ನಿಮ್ಮ ಕೈಲಾಗಲ್ಲ ಅಂದಿದ್ರೆ ಮೊದಲೇ ಹೇಳ್ಬೇಕಿತ್ತು, ಬೇರೆಯವ್ರನ್ನ ಕರೀತಿದ್ದೆ. ಒಂದು ವಾರದಿಂದ ಬರ್ತೀರಿ, ಕೂತ್ಕೋತೀರಿ, ಎಣಿಸ್ತೀರಿ. ಏನು ಟೈಮ್‌ಪಾಸಾ?"

ಅವನು ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಹೊರಟ. ಕಾಫಿ ಲೋಟ ಬೆಂಚಿನ ಮೇಲೆ ಹಾಗೇ ಉಳಿಯಿತು.

"ಏನ್ಲೇ ಮಂಜೂ, ಆ ಹುಡುಗನ್ನ ಹಂಗ್ ಬೈದು ಕಳಿಸ್ಬಿಟ್ಟೆ?" ಅಡುಗೆಮನೆಯಿಂದ ಬಂದ ತಾಯಿ ಸಿದ್ದಗಂಗಮ್ಮ ಲೋಟ ಎತ್ತಿಕೊಂಡರು. "ಕುಣಿಗಲ್ ಸೀಮೆಯವ್ನಂತೆ. ಹುತ್ರಿದುರ್ಗ. ಒಳ್ಳೆ ಮಗ."

"ಊರು ಬೇರೆ ಕೇಳ್ಕೊಂಡಿದೀಯಾ?"

"ನೀನು ಕೇಳಲಿಲ್ವಲ್ಲ, ನಾನೇ ಕೇಳ್ದೆ."

ಮಂಜುಶ್ರೀಗೆ ಅಳು ಬಂದಿತ್ತು. ಬೈದದ್ದಕ್ಕೋ, ಸೋಮವಾರಕ್ಕೋ, ಅವನು ತಿರುಗಿ ನೋಡದೆ ಹೋದದ್ದಕ್ಕೋ ಅವಳಿಗೇ ಗೊತ್ತಾಗಲಿಲ್ಲ. ಅವನು ಕೂತಿದ್ದ ಬೆಂಚಿನ ಮೇಲೆ ಕೂತು, ಆರಿಸಿದ ಸ್ವಿಚ್ಚುಗಳನ್ನು ಹಾಕುವುದನ್ನೂ ಮರೆತು, ಸುಮ್ಮನೆ ಮೀಟರ್ ನೋಡುತ್ತಿದ್ದಳು.

ಬಿಲ್ಲೆ ತಿರುಗುತ್ತಿತ್ತು.

ಅವಳು ಎದ್ದು ನಿಂತಳು. ಡಬ್ಬಿ ಅವನ ಬ್ಯಾಗಿನಲ್ಲಿ ಬಸ್ಸು ಹತ್ತಿಯಾಗಿದೆ, ಮನೆಯಲ್ಲಿ ಏನೂ ಓಡುತ್ತಿಲ್ಲ. ಆದರೂ ಕೆಂಪು ಗುರುತು ನಿಧಾನಕ್ಕೆ ಪಕ್ಕಕ್ಕೆ ಸರಿಯುತ್ತಿದೆ. ಒಂದೊಂದೇ ಕೋಣೆ ಹೊಕ್ಕು ನೋಡಿದಳು. ಕಡೆಗೆ ದೇವರಮನೆ. ಅಪ್ಪನ ಫೋಟೋದ ಮೇಲೆ ಕೆಂಪು ಜೀರೋ ಬಲ್ಬು ಮಿಣಿಮಿಣಿ ಅನ್ನುತ್ತಿತ್ತು. ಅದಕ್ಕೆ ಸ್ವಿಚ್ಚೇ ಇಲ್ಲ. ಅಪ್ಪ ಶಿವಮೂರ್ತಿ ತಾವೇ ನೇರವಾಗಿ ವೈರ್ ಎಳೆದು ಹಾಕಿದ್ದರು. ಒಂಬತ್ತು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ಆ ವೈರನ್ನು ಯಾರೂ ಮುಟ್ಟಿರಲಿಲ್ಲ. ಮನೆಯ ದೀಪಗಳ ಲೆಕ್ಕದಲ್ಲಿ ಅದು ಇರಲೇ ಇಲ್ಲ.

"ಅಮ್ಮಾ, ಜೀರೋ ಬಲ್ಬು ಕರೆಂಟ್ ತಿನ್ನುತ್ತಾ?"

"ಇಲ್ಲ ಕಣೇ. ಜೀರೋ ಅಂದ್ರೆ ಇಲ್ಲ ಅಂತ್ಲೇ ತಾನೆ? ಅದಕ್ಕೆ ಮೀಟರೇ ಓಡಲ್ಲ ಅಂತ ನಿಮ್ಮಪ್ಪನೇ ಹೇಳಿದ್ರು. ಕರೆಂಟ್ ಆಫೀಸಲ್ಲಿ ಮೀಟರ್ ರೀಡರ್ ಆಗಿದ್ದವ್ರಿಗೆ ಗೊತ್ತಿರಲ್ವಾ?"

ಮಂಜುಶ್ರೀ ಮರುದಿನ ಬೆಳಗ್ಗೆ ಮೊದಲ ಬಸ್ಸಿಗೇ ತುಮಕೂರಿಗೆ ಹೊರಟಳು.

ಷಡಕ್ಷರಿ ಅಂಗಡಿಯ ಬಾಗಿಲು ಎತ್ತುತ್ತಿದ್ದ. ಅವಳನ್ನು ಕಂಡು ಬಾಗಿಲು ಅರ್ಧಕ್ಕೇ ಬಿಟ್ಟ.

"ಡಬ್ಬಿ ವಾಪಸ್ ಕಳಿಸಿದ್ರಾ?"

"ಕೊರಿಯರ್ ಹತ್ತು ಗಂಟೆಗೆ. ಯಾಕೆ ಮೇಡಂ?"

"ಅದು ಸುಳ್ಳು ಹೇಳಿಲ್ಲ. ನಮ್ಮನೇದೇ ತಪ್ಪು." ಬಸ್ಸಿಳಿದು ಓಡಿ ಬಂದದ್ದಕ್ಕೆ ಉಸಿರು ಕಟ್ಟಿತ್ತು. "ದೇವರಮನೇಲಿ ಜೀರೋ ಬಲ್ಬು ಇತ್ತು."

ಷಡಕ್ಷರಿ ಹಣೆ ಹಣೆ ಚಚ್ಚಿಕೊಂಡ. "ಜೀರೋ ಅನ್ನೋದು ಬರೀ ಹೆಸರಿಗೆ ಮೇಡಂ, ಹದಿನೈದು ವಾಟ್ ಎಳೆಯುತ್ತೆ! ಇನ್ವರ್ಟರ್ ಲೈನಲ್ಲೇ ಇರಬೇಕು. ನಿಮ್ಮ ಬ್ಯಾಟರೀನೂ ಅದೇ ಕುಡೀತಿತ್ತು." ಆಮೇಲೆ ಮೆಲ್ಲಗೆ, "ನಾನೂ ಕೇಳ್ಬೇಕಿತ್ತು. ಬೇರೆಯವ್ರ ದೇವರಮನೆಗೆ ಹೆಂಗೆ ನುಗ್ಗೋದು ಅಂತ ಸುಮ್ಮನಿದ್ದೆ."

"ನಿನ್ನೆ ನಾನು ಅಂದಿದ್ದು..."

"ಬಿಡಿ ಮೇಡಂ."

"ಬಿಡಲ್ಲ. ತಪ್ಪಾಯ್ತು."

ಭಾನುವಾರ ಪಡಸಾಲೆಯಲ್ಲಿ ಮತ್ತೆ ಅದೇ ಬೆಂಚು. ಬಲ್ಬನ್ನು ತೆಗೆಸುವುದು ಹೇಗೆ ಎಂದು ಮಗಳು ತಡವರಿಸುತ್ತಿದ್ದಾಗ ಸಿದ್ದಗಂಗಮ್ಮನವರೇ ಸ್ಟೂಲು ಹತ್ತಿ, ಸೆರಗಿನಲ್ಲಿ ಹಿಡಿದು ಬಲ್ಬು ಬಿಚ್ಚಿದರು. ಫೋಟೋದ ಮುಂದೆ ಎಣ್ಣೆ ದೀಪ ಹಚ್ಚಿಟ್ಟರು.

"ನಂಗೊತ್ತಿತ್ತು ಬುಡು," ಎಂದರು, ಬಲ್ಬನ್ನು ಮಡಿಲಲ್ಲಿಟ್ಟುಕೊಂಡು. "ಮದುವೆ ಆದ ಹೊಸದ್ರಲ್ಲಿ ಅವರು ಮೀಟರ್ ಓದೋಕೆ ಊರೂರು ತಿರುಗೋರು. ನಂಗೆ ಕತ್ತಲು ಅಂದ್ರೆ ಭಯ. ದೀಪ ಹಾಕ್ಕೊಂಡು ಮಲಗಿದ್ರೆ ಬಿಲ್ ಬರುತ್ತಲ್ಲ ಅಂತ ಆರಿಸ್ಬಿಡ್ತಿದ್ದೆ. ಅದಕ್ಕೇ ಇದನ್ನ ತಂದು ಹಾಕಿ, ಇದಕ್ಕೆ ಮೀಟರ್ ಓಡಲ್ಲ ಕಣೇ ಅಂದ್ರು. ಅವರು ಹಂಗೆ ಹೇಳಿದ್ಮೇಲೆ ನಾನು ಮೀಟರ್ ನೋಡೋಕೇ ಹೋಗಲಿಲ್ಲ."

ಷಡಕ್ಷರಿ ಎದ್ದು ನಿಂತ, ಕೂತು ಕೇಳುವ ಮಾತಲ್ಲವೆಂಬಂತೆ. ಆ ದಿನ ಕೆಂಪು ಗುರುತು ಸುತ್ತಿ ಬರಲು ಸರಿಯಾಗಿ ಹತ್ತು ನಿಮಿಷ ತೆಗೆದುಕೊಂಡಿತು.

ಸೋಮವಾರ ಹತ್ತಕ್ಕೆ ಕರೆಂಟ್ ಹೋಯಿತು. ಷಡಕ್ಷರಿ ಅಂಗಡಿಗೆ ಬೀಗ ಹಾಕಿ ಬಂದಿದ್ದ. ಮಂಜುಶ್ರೀ, ವನಜಾಕ್ಷಿ ಕಿವಿಗೆ ಹೆಡ್‌ಫೋನ್ ಹಾಕಿ ಟೈಪ್ ಮಾಡುತ್ತಲೇ ಇದ್ದರು. ಹನ್ನೆರಡೂವರೆಯಾಯಿತು, ಇನ್ವರ್ಟರ್ ಉಸಿರೆತ್ತಲಿಲ್ಲ. ಮುಕ್ಕಾಲಾಯಿತು. ಒಂದಕ್ಕೆ ಎರಡು ನಿಮಿಷವಿರುವಾಗ ಕೊನೆಯ ಫೈಲು ಹೊರಟಿತು. ಮಂಜುಶ್ರೀ ಕಣ್ಣು ಮುಚ್ಚಿ ಕೂತಳು. ಸ್ವಲ್ಪ ಹೊತ್ತಿಗೆ ತಲೆಯ ಮೇಲಿನ ಫ್ಯಾನು ತಾನೇ ತಿರುಗತೊಡಗಿತು.

"ನಾನು ಊಟಕ್ಕೆ ಹೋಗ್ಬರ್ತೀನಿ ಕಣೇ," ಎಂದು ವನಜಾಕ್ಷಿ ನಗು ತಡೆದುಕೊಂಡು ಎದ್ದು ಹೋದಳು.

ಷಡಕ್ಷರಿ ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ, ತೀರಾ ನಿಧಾನವಾಗಿ ಬ್ಯಾಗಿಗೆ ಹಾಕುತ್ತಿದ್ದ.

"ಇನ್ನ ಚಿಂತೆ ಇಲ್ಲ ಮೇಡಂ. ವಾರ ಪೂರ್ತಿ ಹಿಂಗೇ ಎಳೆಯುತ್ತೆ. ಫ್ಯಾನಿಲ್ಲ, ಡಿಸ್ಕಿಲ್ಲ, ಕೆಡೋಕೆ ಇದ್ರಲ್ಲಿ ಏನೂ ಇಲ್ಲ."

"ಅಂದ್ರೆ ನೀವು ಇನ್ನ ಬರೋದೇ ಬೇಡ."

"ಬರೋ ಅವಶ್ಯಕತೆ ಇರಲ್ಲ," ಎಂದ. ಒಳ್ಳೆಯ ಯಂತ್ರ ಕೊಟ್ಟ ಅಂಗಡಿಯವನ ಮುಖ ಅಷ್ಟು ಬಾಡಬಾರದಿತ್ತು.

ಮಂಜುಶ್ರೀ ಎದ್ದು ಟಕಟಕನೆ ಸ್ವಿಚ್ಚುಗಳನ್ನೆಲ್ಲ ಆರಿಸಿದಳು. ಇನ್ವರ್ಟರ್ ಚಾರ್ಜ್ ಆಗುವುದನ್ನೂ ನಿಲ್ಲಿಸಿದಳು. ಡಬ್ಬಿಯೊಂದೇ ಉಳಿಯಿತು.

"ಇನ್ನೊಂದು ಸಲ ಅಳೀಬೇಕು. ಕೂತ್ಕೊಳ್ಳಿ."

"ನಿನ್ನೆ ತಾನೆ..."

"ಕೂತ್ಕೊಳ್ಳಿ ಅಂದೆ. ನೋಡಿ, ಕೆಂಪು ಗುರುತು ಈಗ ಆಚೆ ಹೋಯ್ತು. ಅದು ತಿರುಗಿ ಬರೋದ್ರೊಳಗೆ ನೀವು ಏನಾದ್ರೂ ಹೇಳೋದಿದ್ರೆ ಹೇಳ್ಬೇಕು. ಆಮೇಲೆ ನಾನು ಕೇಳಲ್ಲ."

ಅವನು ಕೂತ. ಎರಡು ನಿಮಿಷ ಹೋಯಿತು. ಐದು ಹೋಯಿತು. ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಬಿತ್ತು. ಎಂಟೂ ಹೋಯಿತು. ಇವನು ಬಾಯಿ ಬಿಡದೆ ಎದ್ದು ಹೋಗಿಬಿಟ್ಟರೆ ತಾನು ಏನು ಮಾಡಬೇಕು ಎಂಬುದನ್ನು ಅವಳು ಯೋಚಿಸಿಯೇ ಇರಲಿಲ್ಲ. ಗಾಜಿನ ಅಂಚಿನಲ್ಲಿ ಕೆಂಪು ಇಣುಕಿತು.

"ಆವತ್ತು ನಂಗೆ ಲೆಕ್ಕ ತಪ್ಪಿರಲಿಲ್ಲ," ಎಂದ ಷಡಕ್ಷರಿ, ಒಂದೇ ಉಸಿರಿಗೆ.

"ಯಾವತ್ತು?"

"ಮೊದಲನೇ ದಿನ. ಮೂರು ಸಲಾನೂ ಹತ್ತು ಸುತ್ತು ಸರಿಯಾಗೇ ಎಣಿಸಿದ್ದೆ. ಎಣಿಸಿಯಾಯ್ತು ಅಂದ್ರೆ ಎದ್ದು ಹೋಗ್ಬೇಕಲ್ಲ ಅಂತ ಸುಳ್ಳು ಹೇಳ್ದೆ. ನೀವಂದ್ರೆ ನಂಗಿಷ್ಟ, ಮಂಜುಶ್ರೀ. ತುಂಬ ಇಷ್ಟ."

ಮೇಡಂ ಹೋಗಿ ತನ್ನ ಹೆಸರು ಬಂದದ್ದನ್ನು ಅವಳು ಕೇಳಿಸಿಕೊಂಡಳು.

"ಯಾವುದನ್ನೂ ನಂಬದೆ ಮೀಟರೇ ನಿಜ ಅನ್ನೋರು, ಅದರ ಮುಂದೇನೇ ಕೂತು ಸುಳ್ಳು ಹೇಳಿದ್ರಾ?"

"ಹೂಂ."

ಒಳಗಿನಿಂದ ಸಿದ್ದಗಂಗಮ್ಮನವರ ದನಿ ಬಂತು. "ಬುಡೇ ಮಂಜೂ. ಈ ಮನೇಲಿ ಮೀಟರ್ ಹೆಸರಲ್ಲಿ ಸುಳ್ಳು ಹೇಳಿದವ್ರಲ್ಲಿ ಅವ್ನೇನು ಮೊದಲನೇಯವ್ನಲ್ಲ. ಊಟಕ್ಕೆ ಏಳಿ ಇಬ್ರೂ."

ಮಂಜುಶ್ರೀ ನಗುತ್ತಿದ್ದಳು, ಕಣ್ಣು ಒದ್ದೆಯಾಗಿತ್ತು. ಬೆಂಚಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು.

"ನಂಗೂ ಇಷ್ಟ," ಎಂದಳು. "ಐದು ನಿಮಿಷ ಅಮ್ಮಾ, ಲೆಕ್ಕ ತಪ್ಪೋಯ್ತು. ಇನ್ನೊಂದ್ಸಲ ಮೊದಲಿಂದ ಎಣಿಸ್ಬೇಕು."