ಕ್ರೇಟಿನ ತಳದ ಪೊಟ್ಟಣ

"ಮೈಲಾರೇಶ ಕಳ್ಳ ಹೌದೋ ಅಲ್ಲೋ, ಅಷ್ಟು ಹೇಳ್ರಿ ಸಾಕು. ಸಂಜಿಗೆ ನಮ್ಮ ಭಾವ ಠಾಣಿಗೆ ಹೋಗ್ತಾರ," ಎಂದಳು ಸುಮಲತಾ, ಚಪ್ಪಲಿಯನ್ನೂ ಬಿಡದೆ.

ದ್ಯಾಮಕ್ಕ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಅವರು ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಹಗರಿಬೊಮ್ಮನಹಳ್ಳಿಯ ಅವರ ಮನೆಯ ಮುಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಊರಿನ ಕಳವು, ತಕರಾರು ಠಾಣೆಗಿಂತ ಮೊದಲು ಅವರ ಜಗಲಿಗೆ ಬರುತ್ತಿದ್ದವು. ನನ್ನ ಹತ್ತಿರ ಬೈಕ್ ಇತ್ತು. ಅವರ ಪತ್ತೇದಾರಿಕೆಯಲ್ಲಿ ನನ್ನ ಪಾಲು ಹೆಚ್ಚಾಗಿ ಅಷ್ಟೇ.

ಸುಮಲತಾ ಊರಾಚೆ ಟೊಮೆಟೊ ಶೆಡ್ ನಡೆಸುತ್ತಿದ್ದಳು. ಹೋದ ವರ್ಷದವರೆಗೆ ಹಣ್ಣು ಮರದ ಪೆಟ್ಟಿಗೆಯಲ್ಲಿ ಹೋಗುತ್ತಿತ್ತು. ಹೋದ ಪೆಟ್ಟಿಗೆ ಮತ್ತೆ ಬರುತ್ತಿರಲಿಲ್ಲ. ಈಗ ಪ್ಲಾಸ್ಟಿಕ್ ಕ್ರೇಟು, ಅದರ ಕೆಳಗೆ ಹಾಸುವ ಪ್ಲಾಸ್ಟಿಕ್ ಪ್ಯಾಲೆಟ್. ದಾವಣಗೆರೆಯಲ್ಲಿ ಹಣ್ಣು ಇಳಿಸಿ, ಖಾಲಿ ಕ್ರೇಟನ್ನು ಅದೇ ಗಾಡಿ ಹೊತ್ತು ತರಬೇಕು. ಆದರೆ ಪ್ರತಿ ಸಲವೂ ಕೆಲವು ಕಮ್ಮಿಯಾಗುತ್ತಿದ್ದವು. ಗಾಡಿಯ ಡ್ರೈವರ್ ಮೈಲಾರೇಶ. ನಿನ್ನೆ ಉಜ್ಜಿನಿ ಹತ್ತಿರ ಅವನ ಮನೆಯವರ ಕುರಿಹಟ್ಟಿಯಲ್ಲಿ ಅವಳ ಭಾವನಿಗೆ ಒಂದು ರಾಶಿ ಕ್ರೇಟು ಸಿಕ್ಕಿತ್ತು.

"ಕಂಪ್ಲೇಂಟ್ ಆದ್ರ ಈ ಸೀಮ್ಯಾಗ ಅವನ ಕೈಗೆ ಯಾರೂ ಸ್ಟೇರಿಂಗ್ ಕೊಡಾಂಗಿಲ್ಲ. ಕದ್ದಿದ್ರ ಕೊಡದೂ ಬ್ಯಾಡ. ಆದ್ರ ನಂಗ ಖಾತ್ರಿ ಬೇಕು," ಎಂದಳು.

ನಾವು ಮೊದಲು ಶೆಡ್ಡಿಗೆ ಹೋದೆವು. ಸುಮಲತಾಳ ಭಾವ ಗುರುಸಂಗಪ್ಪ ಬಾಗಿಲಲ್ಲೇ ನಿಂತಿದ್ದರು. ಮರದ ಪೆಟ್ಟಿಗೆಗೆ ಹಲಗೆ ಕೊಡುತ್ತಿದ್ದುದು ಕೋಗಳಿಯ ಅವರದೇ ತೋಟ. ಕ್ರೇಟು ಬಂದಾಗಿನಿಂದ ಅವರಿಗೆ ಮೈಯೆಲ್ಲ ಉರಿ.

"ಬರ್ರಿ ದ್ಯಾಮಕ್ಕ. ನಿಮ್ಮ ಮಂದಿ ಹುಡುಗ ಅಂತ ಬಂದ್ರೇನು?" ಎಂದರು.

"ಕಳುವಾದ್ರ ನಾ ನನ್ನ ತಮ್ಮನ್ನೂ ಎಳಕೊಂಡು ಹೋಗೀನಿ. ಹಟ್ಟ್ಯಾಗ ಹುಡುಕಬೇಕು ಅಂತ ನಿಮಗ ಹೇಳಿದೋರ್ಯಾರು?"

"ಯಾರು ಯಾಕ ಹೇಳಬೇಕು? ನಂಗ ತಲಿ ಇಲ್ಲೇನು?"

ಅವರು ಮುಖ ತಿರುಗಿಸಿದ ರೀತಿ ನನಗೆ ಹಿಡಿಸಲಿಲ್ಲ. ಹಲಗೆ ಮಾರುವವನಿಗೆ ಕ್ರೇಟು ಕಳೆದರೆ ಲಾಭವೇ. ನನ್ನ ಮಟ್ಟಿಗೆ ಪ್ರಕರಣ ಅಲ್ಲಿಗೆ ಮುಗಿದಿತ್ತು.

ಒಳಗೆ ಲೆಕ್ಕ ಬರೆಯುವ ರೈಟರ್ ಹಂಪೇಶ ಊಟಕ್ಕೆ ಕುಳಿತಿದ್ದ. ಬಂದ ಕ್ರೇಟು ಎಣಿಸಿ, ತೊಳೆಸಿ, ಅಟ್ಟಿ ಹಚ್ಚುವವನು ಅವನು. ಅವನಪ್ಪ ಇದೇ ಶೆಡ್ಡಿನಲ್ಲಿ ಮರದ ಪೆಟ್ಟಿಗೆ ಬಡಿಯುತ್ತಿದ್ದ. ಆ ಕೆಲಸ ನಿಂತಾಗ ಸುಮಲತಾ ಮಗನಿಗೆ ಈ ಕೆಲಸ ಕೊಟ್ಟಿದ್ದಳು. ಹಂಪೇಶ ಬುತ್ತಿಯನ್ನು ನನ್ನ ಕಡೆ ಸರಿಸಿದ. ನವಣೆ ಅನ್ನ, ಗುರೆಳ್ಳು ಚಟ್ನಿ.

"ತಿನ್ರಿ ಸಾರ್. ಅವ್ವಗ ಸುಗರ್ ಐತಿ, ಮನಿಮಂದಿಗೆಲ್ಲ ಶಿಕ್ಷಾ," ಎಂದು ನಕ್ಕ. "ಮೈಲಾರೇಶ ಹಿಂಗ ಮಾಡ್ತಾನಂತ ನಾ ಅನ್ಕಂಡಿದ್ದಿಲ್ಲ. ಪಾಪ."

ದ್ಯಾಮಕ್ಕನೂ ಒಂದು ತುತ್ತು ತಿಂದು, ಚಟ್ನಿ ಚಲೋ ಐತಿ ಎಂದರು. "ನಿಮ್ಮಪ್ಪ ಈಗೇನು ಮಾಡ್ತಾನ?"

"ಏನೂ ಇಲ್ಲ. ಕುಂತಿರ್ತಾನ."

ಹಟ್ಟಿಗೆ ಗುರುಸಂಗಪ್ಪನೂ ಮೈಲಾರೇಶನೂ ಬಂದರು. ಮನೆಯವರು ಕುರಿ ಹೊಡೆದುಕೊಂಡು ತುಂಗಭದ್ರೆಯ ಕಡೆ ಹೋಗಿದ್ದರು. ಹಟ್ಟಿಗೆ ಬಾಗಿಲೆಂದರೆ ಜಾಲಿಯ ಮುಳ್ಳುಕಂಟಿ ಒಂದೇ. ಯಾರು ಬೇಕಾದರೂ ಸರಿಸಬಹುದಿತ್ತು. ಮೈಲಾರೇಶ ಯಾರ ಮುಖವನ್ನೂ ನೋಡದೆ ನಿಂತಿದ್ದ.

"ಬಾಯಿ ಬಿಡಲೇ," ಎಂದರು ದ್ಯಾಮಕ್ಕ.

"ಬಿಟ್ರ ಯಾರು ಕೇಳ್ತಾರಕ್ಕ? ಕ್ರೇಟು ಇಲ್ಲೇ ಅದಾವಲ್ಲ."

ಒಂದರೊಳಗೊಂದು ಕೂತಿದ್ದ ಕ್ರೇಟುಗಳನ್ನು ದ್ಯಾಮಕ್ಕ ತೆಗೆಯುತ್ತ ಹೋದರು. ಎಲ್ಲಕ್ಕಿಂತ ಕೆಳಗಿನದರ ತಳದಲ್ಲಿ ಒಂದು ಪೊಟ್ಟಣ ಸಿಕ್ಕಿತು. ಮುತ್ತುಗದ ಎಲೆ ಮಡಚಿ, ಜಾಲಿಮುಳ್ಳು ಚುಚ್ಚಿತ್ತು. ಒಳಗೆ ಒಂದು ಹಿಡಿ ನವಣೆ, ಬೆಲ್ಲದ ಒಂದು ತುಣುಕು.

"ನೋಡ್ರಿ, ಕಾಳು ಇಡಾಕ ಕದ್ದಾನ," ಎಂದರು ಗುರುಸಂಗಪ್ಪ.

"ಮೈತುಂಬ ತೂತಿರೋ ಕ್ರೇಟಿನ್ಯಾಗ ನವಣಿ ಇಡ್ತಾರೇನ್ರಿ?" ಎಂದು ದ್ಯಾಮಕ್ಕ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡರು. ಒಂದು ಖಾಲಿ ಕ್ರೇಟನ್ನು ಬೈಕಿಗೆ ಬಿಗಿಯಲು ನನಗೆ ಹೇಳಿದರು.

ವಾಪಸ್ ಬರುವಾಗ ಕೋಗಳಿಯ ಬಸದಿಯ ಹತ್ತಿರ ನನ್ನನ್ನು ನಿಲ್ಲಿಸಿ, ಕ್ರೇಟು ಹೊತ್ತುಕೊಂಡು ಒಬ್ಬರೇ ಓಣಿಗೆ ಹೋದರು. ಗುರುಸಂಗಪ್ಪನ ತೋಟದ ಆಳುಗಳನ್ನು ಕೇಳಲು ಹೋದರೆಂದುಕೊಂಡೆ. ಕ್ರೇಟಿನೊಂದಿಗೇ ತಿರುಗಿ ಬಂದರು. ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

ಸಂಜೆ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ಗುರುಸಂಗಪ್ಪನ ಜೇಬಿನಲ್ಲಿ ಕಂಪ್ಲೇಂಟ್ ಸಿದ್ಧವಿತ್ತು. ದ್ಯಾಮಕ್ಕ ಒಂದು ಪ್ಯಾಲೆಟ್ ಮೇಲೆ ಕುಳಿತು, ಹಟ್ಟಿಯ ಪೊಟ್ಟಣವನ್ನು ಮುಂದಿಟ್ಟರು.

"ಸುಮಲತಾ, ಮಂದಿ ಮನಿ ಪಲ್ಯದ ಡಬ್ರಿ ನಿಮ್ಮ ಮನಿಗೆ ಬಂದ್ರ ಹೆಂಗ ಹೊಳ್ಳಿ ಕಳಸ್ತಿ?"

"ಖಾಲಿ ಕಳಸಬಾರ್ದಲ್ರಿ. ಏನಾರ ಒಂದು ಹಿಡಿ ಹಾಕಿ ಕಳಸ್ತೀವಿ."

"ಮನ್ಯಾಗ ಇರೋ ನಿಂದೇ ಡಬ್ರಿಗೆ?"

"ಅದಕ್ಯಾಕ ಹಾಕ್ತಾರ?"

"ಅಷ್ಟೇ. ಮೈಲಾರೇಶ ಕದ್ದು ತನ್ನ ಹಟ್ಟ್ಯಾಗ ಇಟ್ಟಿದ್ರ ಈ ಪೊಟ್ಟಣ ಇರ್ತಿದ್ದಿಲ್ಲ. ಈ ಕ್ರೇಟು ಬ್ಯಾರೆ ಮನಿಯಿಂದ ಹೊಂಟಾವ. ಆ ಮನಿ ಹೆಣ್ಮಗಳು, ಯಾರ ಸಾಮಾನೋ ಹೊಳ್ಳಿ ಹೊಂಟೈತಿ ಅಂತ ತಿಳಕೊಂಡು ಒಂದು ಹಿಡಿ ಹಾಕ್ಯಾಳ. ತೂತು ಅದಾವಂತ ಎಲಿಯಾಗ ಕಟ್ಯಾಳ. ಒಯ್ಯೋನು ನೋಡಿಲ್ಲ, ಅದರ ಮ್ಯಾಲೆ ಉಳಿದ ಕ್ರೇಟು ಕುಂದರ್ಸ್ಯಾನ. ಮತ್ತ, ಒಳಗಿರೋದು ನವಣಿ. ಇವತ್ತು ನವಣಿ ನಾ ತಿಂದಿದ್ದು ಒಬ್ಬನ ಬುತ್ತ್ಯಾಗ."

ಅವರು ಸೆರಗಿನಿಂದ ಎರಡನೆಯ ಪೊಟ್ಟಣ ತೆಗೆದು ಪಕ್ಕದಲ್ಲಿಟ್ಟರು. ಅದೇ ಎಲೆ, ಅದೇ ಮಡಿಕೆ, ಅದೇ ಮುಳ್ಳು.

"ಮಧ್ಯಾಹ್ನ ಕೋಗಳ್ಯಾಗ ನಾಗಲಿಂಗಮ್ಮನ ಮನಿಗೆ ಕ್ರೇಟು ಒಯ್ದು, ಇದು ನಿಮ್ಮದೇನು ಅಂತ ಕೇಳಿದೆ. 'ಶೆಡ್ಡಿಂದಲ್ಲೇನು, ಇಂಥವು ಇನ್ನೂ ಹಿತ್ತಲದಾಗ ಅದಾವ' ಅಂದ್ಲು. ಹೊಂಟಾಗ ಇದನ್ನ ಹಾಕಿದ್ಲು."

ನಾಗಲಿಂಗಮ್ಮ ಹಂಪೇಶನ ತಾಯಿ. ಎಲ್ಲರೂ ಅವನ ಕಡೆ ತಿರುಗಿದರು.

"ಬಂದ ಕ್ರೇಟು ಎಣಿಸೋನು ಅವನೇ," ಎಂದರು ದ್ಯಾಮಕ್ಕ. "ಅವ ಕಮ್ಮಿ ಅಂದ್ರ ಕಮ್ಮಿ, ಉಳಿದಾವು ಅವನ ಮನಿ ಹಿತ್ತಲಕ್ಕ. ಗುರುಸಂಗಪ್ಪ, ಈಗ ಹೇಳ್ರಿ. ಹಟ್ಟಿ ಹುಡುಕ್ರಿ ಅಂದೋನು ಯಾರು?"

ಗುರುಸಂಗಪ್ಪ ಜೇಬಿನಿಂದ ಕೈ ತೆಗೆದರು. "ಅವನೇ. ನನ್ನ ಹೆಸರು ಹೇಳಬ್ಯಾಡ್ರಿ ಅಂದಿದ್ದ."

ಹಂಪೇಶ ಅಳಲಿಲ್ಲ. "ಅಪ್ಪ ಸುತ್ತಿಗಿ ತೊಡಿಮ್ಯಾಲ ಇಟ್ಕಂಡು ಕುಂತಿರ್ತಾನ," ಎಂದ. "ಕ್ರೇಟು ಉಳೀದಂಗಾದ್ರ ಪೆಟ್ಟಿಗಿ ಹೊಳ್ಳಿ ಬರ್ತಾವ ಅನ್ಕಂಡೆ."

"ಅದಕ್ಕ ಮೈಲಾರೇಶನ ಕೊರಳಿಗೆ ಕಟ್ಟಿದೇನು?" ಎಂದಳು ಸುಮಲತಾ. ಅವಳು ಭಾವನ ಜೇಬಿನ ಕಂಪ್ಲೇಂಟ್ ಇಸಿದುಕೊಂಡು ಹರಿದಳು. ಹಂಪೇಶನಿಗೆ ನಾಳೆಯಿಂದ ಬರಬೇಡ ಎಂದಳು. ಗಾಡಿಯ ಕೀಲಿಯನ್ನು ಮೈಲಾರೇಶನ ಮುಂದೆ ಹಿಡಿದಳು. ಅವನು ತೆಗೆದುಕೊಂಡ. ಯಾರೂ ಅವನ ಕ್ಷಮೆ ಕೇಳಲಿಲ್ಲ.

ಹಿತ್ತಲಲ್ಲಿ ಉಳಿದ ಕ್ರೇಟು ತರಲು ಆಗಲೇ ಕೋಗಳಿಗೆ ಹೋದವನೂ ಅವನೇ. ಗಾಡಿ ಬಂದಾಗ ಇಳಿಸಲು ನಾನೂ ಕೈ ಹಾಕಿದೆ. ಮೇಲಿನ ಕ್ರೇಟಿನಲ್ಲಿ ಎಲೆಯ ಪೊಟ್ಟಣ ಬಿಚ್ಚಿತ್ತು, ಬೆಲ್ಲ ಇರಲಿಲ್ಲ.

"ಮಗ ಎಲ್ಲಿ ಅಂತ ಕೇಳಿದ್ಲು ಆಯಿ," ಎಂದ ಮೈಲಾರೇಶ, ಬೆರಳು ಚೀಪುತ್ತ. "ಕೆಲಸದಾಗ ಅದಾನ ಅಂದೆ."